ಗದ್ಯ ಓದಿ ಉತ್ತರ ಬರೆಯುವುದು ಹೇಗೆ? ನಮ್ಮ ಭಾಗದ ವಿದ್ಯಾರ್ಥಿಗಳಿಗೊಂದು ಮಾರ್ಗದರ್ಶಿ

‘ಕೆಳಗಿನ ಗದ್ಯಭಾಗವನ್ನು ಓದಿ ಪ್ರಶ್ನೆಗಳಿಗೆ ಉತ್ತರಿಸಿ’ ಎಂಬ ಸೂಚನೆ ಕಂಡ ಕೂಡಲೇ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಎಷ್ಟೋ ಮಕ್ಕಳು ಅದನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ. ಪಾಠದಲ್ಲಿ ಬಂದದ್ದಲ್ಲ, ನೋಟ್ಸಿನಲ್ಲಿ ಬರೆಸಿದ್ದಲ್ಲ, ಗೈಡಿನಲ್ಲೂ ಸಿಗುವುದಿಲ್ಲ, ಆದ್ದರಿಂದ ಅಳುಕು. ಆದರೆ ಉತ್ತರವನ್ನೂ ಜೊತೆಗೇ ಅಚ್ಚು ಹಾಕಿ ಕೈಗೆ ಕೊಡುವ ಪ್ರಶ್ನೆ ಇದು. ಬಾಯಿಪಾಠ ಬೇಕಿಲ್ಲ. ಒಂದು ಅಭ್ಯಾಸ ಮಾತ್ರ ಬೇಕು: ನೀವು ಬರೆಯುವ ಪ್ರತಿ ಉತ್ತರಕ್ಕೂ ಗದ್ಯದಲ್ಲಿ ಬೆರಳಿಟ್ಟು ತೋರಿಸಬಲ್ಲ ಸಾಲೊಂದು ಇರಬೇಕು. ಬೆರಳಿಡಲು ಜಾಗ ಸಿಗದಿದ್ದರೆ ಆ ಉತ್ತರ ನಿಮ್ಮ ತಲೆಯಿಂದ ಬಂದದ್ದು, ಗದ್ಯದಿಂದಲ್ಲ.

ಪಾರಿಭಾಷಿಕ ಪದಗಳನ್ನು ಮೊದಲೇ ಪಟ್ಟಿ ಮಾಡಿ ಉರು ಹೊಡೆಯುವುದರಿಂದ ಪ್ರಯೋಜನವಿಲ್ಲ. ಒಂದು ಗದ್ಯ ಇಟ್ಟುಕೊಂಡು, ಕೆಲಸ ಮಾಡುತ್ತಾ ಪದಗಳನ್ನು ಕಲಿಯೋಣ. ನಮ್ಮ ಮೂರೂ ಜಿಲ್ಲೆಗಳ ಹೊಲಗಳಿಗೆ ಸಂಬಂಧಪಟ್ಟ ಘಟನೆಯನ್ನೇ ಆರಿಸಿಕೊಂಡಿದ್ದೇನೆ. ಅನುಕೂಲಕ್ಕೆಂದು ವಾಕ್ಯಗಳಿಗೆ ಸಂಖ್ಯೆ ಹಾಕಿದ್ದೇನೆ.

ಅಭ್ಯಾಸದ ಗದ್ಯ

(1) ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿಯಿತು. (2) ಅದಕ್ಕೆ 33 ಕ್ರೆಸ್ಟ್ ಗೇಟುಗಳಿವೆ (ಅಣೆಕಟ್ಟಿನ ಮೇಲ್ಭಾಗದಲ್ಲಿ ನೀರು ಬಿಡುವ ಬಾಗಿಲುಗಳು). (3) 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ, ಗೇಟು ನೀರಿನಲ್ಲಿ ಕೊಚ್ಚಿಹೋಯಿತು. (4) ಆಗ ಜಲಾಶಯ ಬಹುತೇಕ ಭರ್ತಿಯಾಗಿತ್ತು. (5) ಒತ್ತಡ ತಗ್ಗಿಸಲು ಉಳಿದ ಗೇಟುಗಳಿಂದಲೂ ನದಿಗೆ ನೀರು ಬಿಡಬೇಕಾಯಿತು. (6) ನೀರಿನ ಮಟ್ಟ ಇಳಿಯದೆ ಬದಲಿ ಗೇಟು ಕೂರಿಸುವುದು ಸುಲಭವಿರಲಿಲ್ಲ; ಆದರೆ ನೀರು ಹರಿದುಹೋದಷ್ಟೂ ಕಾಲುವೆಗಳ ಪಾಲು ಕರಗುತ್ತಿತ್ತು. (7) ಅದರ ಚಿಂತೆ ಕಾಲುವೆಯ ಕೊನೆ ಭಾಗದ ರೈತರನ್ನಂತೂ ಹೆಚ್ಚಾಗಿ ಕಾಡಿತು. (8) ತಂತ್ರಜ್ಞರು ಜಲಾಶಯ ಖಾಲಿಯಾಗುವವರೆಗೆ ಕಾಯಲಿಲ್ಲ. ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದರಂತೆ ಇಳಿಸಿ, ಸುಮಾರು ಒಂದು ವಾರದಲ್ಲಿ ಆ ಕಿಂಡಿಯನ್ನು ತಾತ್ಕಾಲಿಕವಾಗಿ ಮುಚ್ಚಿದರು. (9) ಹಳೆಯ ಅಣೆಕಟ್ಟುಗಳ ಗೇಟುಗಳನ್ನು ಕಾಲಕಾಲಕ್ಕೆ ಪರೀಕ್ಷಿಸುವುದರಲ್ಲಿ ಸಡಿಲಿಕೆ ಸಲ್ಲದು.

ಮೊದಲ ಓದು: ನಿಲ್ಲದೆ, ಗುರುತು ಹಾಕದೆ

ಮೊದಲು ಪ್ರಶ್ನೆ ಓದಬೇಕೋ ಗದ್ಯ ಓದಬೇಕೋ ಎಂಬ ಚರ್ಚೆ ಶಿಕ್ಷಕರಲ್ಲೇ ಇದೆ. ಹತ್ತು ಹದಿನೈದು ಸಾಲಿನ ಗದ್ಯವಾದರೆ ಮೊದಲು ಗದ್ಯವನ್ನೇ ಓದಿ ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಓದುವವರ ಕಣ್ಣು ಇಸವಿ, ಅಂಕಿ, ಹೆಸರುಗಳನ್ನಷ್ಟೇ ಹೆಕ್ಕುತ್ತದೆ. ಒಟ್ಟು ಮಾತು ಏನೆಂಬುದು ಕೈತಪ್ಪುತ್ತದೆ. ಎರಡು ಪುಟದ ಉದ್ದನೆಯ ಭಾಗ ಬಂದರೆ ಮಾತ್ರ ಪ್ರಶ್ನೆಗಳ ಮೇಲೊಮ್ಮೆ ಕಣ್ಣು ಹಾಯಿಸಿಕೊಳ್ಳಿ.

ಈ ಮೊದಲ ಓದಿಗೆ ‘ಸ್ಥೂಲ ಓದು’ ಎನ್ನುತ್ತಾರೆ. ಕಷ್ಟದ ಪದ ಬಂದರೂ ನಿಲ್ಲಬೇಡಿ. ಮುಗಿದ ಮೇಲೆ ಗದ್ಯದಿಂದ ಕಣ್ಣೆತ್ತಿ ‘ಇದು ಯಾವುದರ ಬಗ್ಗೆ? ಅದರ ಬಗ್ಗೆ ಏನು ಹೇಳುತ್ತಿದೆ?’ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಮೊದಲನೆಯದಕ್ಕೆ ಸಿಗುವ ಉತ್ತರ ‘ವಿಷಯ’. ಎರಡನೆಯದಕ್ಕೆ ಸಿಗುವುದು ‘ಮುಖ್ಯ ವಿಚಾರ’. ಇವೆರಡನ್ನೂ ಒಂದೇ ಎಂದುಕೊಂಡು ಅಂಕ ಕಳೆದುಕೊಳ್ಳುವವರು ಬಹಳ.

ಮೇಲಿನ ಗದ್ಯದ ಮುಖ್ಯ ವಿಚಾರವೇನು? ‘ತುಂಗಭದ್ರಾ ಅಣೆಕಟ್ಟು’ ಎಂದರೆ ಅದು ವಿಷಯವಷ್ಟೆ, ಅದರ ಬಗ್ಗೆ ಏನೂ ಹೇಳಿದಂತಾಗಲಿಲ್ಲ. ‘ಅಣೆಕಟ್ಟಿಗೆ 33 ಗೇಟುಗಳಿವೆ’ ಎಂದರೆ ಅದೊಂದು ವಿವರ. ಅದನ್ನು ತೆಗೆದುಹಾಕಿದರೂ ಗದ್ಯ ನಿಲ್ಲುತ್ತದೆ. ‘ಗೇಟು ಕೊಚ್ಚಿಹೋದಾಗ ನೀರನ್ನೂ ಉಳಿಸಬೇಕು, ಕಿಂಡಿಯನ್ನೂ ಮುಚ್ಚಬೇಕು ಎಂಬ ಇಕ್ಕಟ್ಟು ಎದುರಾಯಿತು, ತಂತ್ರಜ್ಞರು ಹರಿಯುವ ನೀರಿನಲ್ಲೇ ಅದನ್ನು ಬಗೆಹರಿಸಿದರು’ ಎಂದರೆ ಮುಖ್ಯ ವಿಚಾರ ಸಿಕ್ಕಿತು. ಮುಖ್ಯ ವಿಚಾರ ಯಾವಾಗಲೂ ಪೂರ್ಣ ವಾಕ್ಯವಾಗಿರಬೇಕು, ಅದರಲ್ಲಿ ಕ್ರಿಯಾಪದ ಇರಬೇಕು. ಒಂದೆರಡು ಪದಗಳಲ್ಲಿ ಮುಗಿದರೆ ನೀವಿನ್ನೂ ವಿಷಯದ ಹೊಸ್ತಿಲಲ್ಲೇ ಇದ್ದೀರಿ. ‘ಸೂಕ್ತ ಶೀರ್ಷಿಕೆ ಕೊಡಿ’ ಎಂಬ ಪ್ರಶ್ನೆಗೆ ಮಾತ್ರ ಈ ವಾಕ್ಯವನ್ನೇ ಮೂರು ನಾಲ್ಕು ಪದಕ್ಕೆ ಇಳಿಸಿ: ‘ಹತ್ತೊಂಬತ್ತನೇ ಗೇಟಿನ ಸವಾಲು’.

ಎರಡನೆಯ ಓದು: ವಾಕ್ಯದ ತುದಿ ಮುಟ್ಟುವವರೆಗೆ

ಇನ್ನು ‘ಸೂಕ್ಷ್ಮ ಓದು’. ಇದರಲ್ಲಿ ಆತುರ ಕೂಡದು. ಹೆಚ್ಚಿನ ತಪ್ಪುಗಳು ಇಲ್ಲಿಯೇ ಹುಟ್ಟುವುದರಿಂದ ಇದನ್ನು ಬಿಡಿಸಿ ಹೇಳುತ್ತೇನೆ.

ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಹೌದು ಎನ್ನುವುದೂ ಅಲ್ಲ ಎನ್ನುವುದೂ ಅಲ್ಲಿಯೇ ತೀರ್ಮಾನವಾಗುತ್ತದೆ. ಎಂಟನೆಯ ವಾಕ್ಯವನ್ನು ‘ತಂತ್ರಜ್ಞರು ಜಲಾಶಯ ಖಾಲಿಯಾಗುವವರೆಗೆ’ ಎಂಬಲ್ಲಿಗೆ ಬಿಟ್ಟು ನೋಡಿ. ‘ಕಾದರು’ ಎಂದು ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಅಲ್ಲಿರುವುದು ‘ಕಾಯಲಿಲ್ಲ’. ಒಂದೇ ಪದದಿಂದ ಇಡೀ ಮಾತು ತಿರುವುಮುರುವಾಯಿತು.

ಆರನೆಯ ವಾಕ್ಯ ಇನ್ನೂ ಗಟ್ಟಿ. ‘ಇಳಿಯದೆ’ ಒಂದು ನಿಷೇಧ, ‘ಸುಲಭವಿರಲಿಲ್ಲ’ ಇನ್ನೊಂದು. ಎರಡು ನಿಷೇಧಗಳು ಒಟ್ಟಿಗೆ ಬಂದಾಗ ಅವನ್ನು ನೇರ ಮಾಡಿಕೊಂಡು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ: ‘ನೀರು ಇಳಿದರೆ ಮಾತ್ರ ಗೇಟು ಕೂರಿಸುವುದು ಸುಲಭ.’ ‘ಬರದೇ ಇರಲಾರದು’, ‘ಇಲ್ಲವೆನ್ನುವಂತಿಲ್ಲ’, ‘ಅಸಾಧ್ಯವೇನಲ್ಲ’ ಇಂಥವು ಎದುರಾದಾಗಲೆಲ್ಲ ಇದೇ ಕ್ರಮ ಅನುಸರಿಸಿ. ‘ಸರಿ/ತಪ್ಪು ಗುರುತಿಸಿ’ ಮಾದರಿಯ ಪ್ರಶ್ನೆಗಳಲ್ಲಿ ಮಕ್ಕಳು ಎಡವುವುದು ಬಹುತೇಕ ಇಂಥ ವಾಕ್ಯಗಳಲ್ಲಿಯೇ.

ಆಮೇಲೆ ಸರ್ವನಾಮಗಳು. ‘ಅದು’, ‘ಇವು’, ‘ಅವರು’, ‘ಆ’, ‘ಅಂಥ’ ಎಂಬ ಪದ ಬಂದಲ್ಲೆಲ್ಲ ಅದು ಯಾವುದರತ್ತ ಕೈ ತೋರಿಸುತ್ತಿದೆ ಎಂದು ಪೆನ್ಸಿಲಿನಿಂದ ಬಾಣ ಎಳೆಯಿರಿ. ಎರಡನೆಯ ವಾಕ್ಯದ ‘ಅದಕ್ಕೆ’ ಎಂದರೆ ಅಣೆಕಟ್ಟಿಗೆ, ಇದು ಸಲೀಸು. ಎಂಟನೆಯ ವಾಕ್ಯದ ‘ಆ ಕಿಂಡಿ’ ಯಾವುದು? ಗದ್ಯದಲ್ಲಿ ‘ಕಿಂಡಿ’ ಎಂಬ ಪದ ಹಿಂದೆಲ್ಲೂ ಬಂದಿಲ್ಲ. ಐದು ವಾಕ್ಯ ಹಿಂದಕ್ಕೆ ಹೋಗಿ ಮೂರನೆಯದನ್ನು ತಲುಪಿದರೆ ಅದು 19ನೇ ಗೇಟು ಇದ್ದ ಜಾಗ ಎಂದು ತಿಳಿಯುತ್ತದೆ. ಏಳನೆಯ ವಾಕ್ಯದ ‘ಅದರ ಚಿಂತೆ’ಯಲ್ಲಿ ‘ಅದು’ ಒಂದು ವಸ್ತುವೇ ಅಲ್ಲ; ‘ಕಾಲುವೆಗಳ ಪಾಲು ಕರಗುತ್ತಿತ್ತು’ ಎಂಬ ಇಡೀ ಸಂಗತಿ. ಈ ಬಾಣಗಳು ಸರಿಯಾಗಿ ಬಿದ್ದರೆ ಅರ್ಧ ಕೆಲಸ ಮುಗಿದಂತೆ.

ಮೂರನೆಯದಾಗಿ, ವಾಕ್ಯಗಳನ್ನು ಬೆಸೆಯುವ ಪದಗಳು. ‘ಆದ್ದರಿಂದ’, ‘ಹೀಗಾಗಿ’, ‘ಏಕೆಂದರೆ’ ಬಂದರೆ ಕಾರಣ ಮತ್ತು ಪರಿಣಾಮ. ‘ಆದರೆ’, ‘ಆದರೂ’, ‘ಬದಲಾಗಿ’ ಬಂದರೆ ಮಾತು ತಿರುಗುತ್ತಿದೆ. ‘ಮೊದಲು’, ‘ಅನಂತರ’, ‘ಅಷ್ಟರಲ್ಲಿ’ ಬಂದರೆ ಘಟನೆಗಳ ಅನುಕ್ರಮ. ಆರನೆಯ ವಾಕ್ಯದ ‘ಆದರೆ’ಗೆ ಒಂದು ವೃತ್ತ ಹಾಕಿ. ಇಕ್ಕಟ್ಟು ಇರುವುದೇ ಆ ಪದದ ಎರಡೂ ಬದಿಗೆ: ಒಂದು ಕಡೆ ನೀರು ಇಳಿಸಬೇಕು, ಇನ್ನೊಂದು ಕಡೆ ನೀರು ಉಳಿಸಬೇಕು. ಇಷ್ಟಾದರೂ ಸಾಲದು. ನಮ್ಮ ಭಾಷೆಯಲ್ಲಿ ಕಾರಣ ಎಷ್ಟೋ ಸಲ ಬಿಡಿ ಪದವಾಗಿ ಬರದೆ ಪ್ರತ್ಯಯದೊಳಗೆ ಅಡಗಿರುತ್ತದೆ. ‘ಒತ್ತಡ ತಗ್ಗಿಸಲು’ ಎಂಬ ‘ಅಲು’ ಉದ್ದೇಶ ಹೇಳುತ್ತದೆ. ‘ಸರಪಳಿ ತುಂಡಾಗಿ’ ಎಂಬ ‘ಆಗಿ’ ಕಾರಣ ಹೇಳುತ್ತದೆ. ‘ಗೇಟು ಏಕೆ ಕೊಚ್ಚಿಹೋಯಿತು?’ ಎಂದು ಕೇಳಿದರೆ ‘ಏಕೆಂದರೆ’ ಎಂಬ ಪದಕ್ಕಾಗಿ ಗದ್ಯವೆಲ್ಲ ಹುಡುಕಬೇಡಿ. ಉತ್ತರ ‘ತುಂಡಾಗಿ’ ಎಂಬಲ್ಲಿದೆ.

ಹೇಳದೆ ಹೇಳಿದ್ದನ್ನು ಹಿಡಿಯುವುದು

ಗದ್ಯದಲ್ಲಿ ನೇರವಾಗಿ ಬರೆದದ್ದು ‘ವಾಚ್ಯಾರ್ಥ’. ಬರೆಯದೆ ತಿಳಿಸಿದ್ದು ‘ಸೂಚ್ಯಾರ್ಥ’. ಸೂಚ್ಯಾರ್ಥವನ್ನು ಹಿಡಿಯಲು ಮಾಡುವ ಕೆಲಸಕ್ಕೆ ‘ಊಹೆ’ ಅಥವಾ ‘ಅನುಮಾನ’ ಎನ್ನುತ್ತಾರೆ. ಇಲ್ಲಿ ‘ಅನುಮಾನ’ ಎಂದರೆ ಶಂಕೆಯಲ್ಲ, ಆಧಾರದಿಂದ ತೀರ್ಮಾನಕ್ಕೆ ಬರುವುದು.

ಇದರ ಸೊಗಸಾದ ಉದಾಹರಣೆ ನಮ್ಮ ಮಸ್ಕಿಯಲ್ಲೇ ಇದೆ. ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೆ ಓದಿದ್ದರು. ದೇಶದ ಹಲವು ಕಡೆಯ ಬಂಡೆಗಳಲ್ಲಿ ‘ದೇವಾನಾಂಪ್ರಿಯ’ ಎಂಬ ರಾಜನ ಮಾತುಗಳು ಸಿಕ್ಕಿದ್ದವು, ಆದರೆ ಅವುಗಳಲ್ಲಿ ಆತನ ಸ್ವಂತ ಹೆಸರು ಇರಲಿಲ್ಲ. ಆತ ಅಶೋಕನೇ ಇರಬೇಕು ಎಂದು ಶ್ರೀಲಂಕಾದ ಹಳೆಯ ಇತಿಹಾಸ ಗ್ರಂಥಗಳ ಆಧಾರದಿಂದ ವಿದ್ವಾಂಸರು ಊಹಿಸಿದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರಿಗೆ ಮಸ್ಕಿಯ ಬಂಡೆಯ ಶಾಸನ ಕಂಡಿತು. ಅದರಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು. ಊಹೆ ನಿಜವೆಂದು ಸ್ಥಿರಪಟ್ಟಿತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳ ಶಾಸನಗಳಲ್ಲೂ ಆ ಹೆಸರು ದೊರೆಯಿತು. ಆಧಾರವಿದ್ದ ಊಹೆಗೂ ಬಾಯಿಗೆ ಬಂದ ಊಹೆಗೂ ಇರುವ ಅಂತರ ಇದು. ರಾಯಚೂರು ಜಿಲ್ಲೆಯ ಶಿಕ್ಷಕರು ಸೂಚ್ಯಾರ್ಥ ಕಲಿಸುವಾಗ ಎಲ್ಲೆಲ್ಲಿಂದಲೋ ಉದಾಹರಣೆ ತರುವ ಬದಲು ಮಕ್ಕಳನ್ನು ಆ ಬಂಡೆಯ ಮುಂದೆ ನಿಲ್ಲಿಸಿದರೆ ಎಷ್ಟು ಚೆನ್ನ.

ಈಗ ನಮ್ಮ ಗದ್ಯಕ್ಕೆ ಬನ್ನಿ. ‘ಕೊನೆ ಭಾಗದ ರೈತರನ್ನೇ ಚಿಂತೆ ಹೆಚ್ಚಾಗಿ ಕಾಡಿದ್ದೇಕೆ?’ ಉತ್ತರ ಎಲ್ಲೂ ನೇರವಾಗಿ ಇಲ್ಲ. ಆರನೆಯ ವಾಕ್ಯದಲ್ಲಿ ಪಾಲು ಕರಗುತ್ತಿತ್ತು ಎಂದಿದೆ. ಏಳನೆಯದರಲ್ಲಿ ‘ಕೊನೆ ಭಾಗ’ ಎಂದಿದೆ. ಕಾಲುವೆಯ ನೀರು ಮೊದಲು ಮೇಲಿನವರಿಗೆ ಸಿಕ್ಕಿ ಕೊನೆಗೆ ಕೆಳಗಿನವರಿಗೆ ತಲುಪುತ್ತದೆ. ಎಡದಂಡೆ ಕಾಲುವೆಯ ಕೊನೆ ಭಾಗದ ಊರುಗಳ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಎರಡು ಸಾಲುಗಳ ಮೇಲೆ ಬೆರಳಿಟ್ಟು, ನಿಮಗೆ ಗೊತ್ತಿರುವ ಒಂದು ಸಂಗತಿ ಸೇರಿಸಿ ಉತ್ತರ ಬರೆಯಿರಿ: ‘ನೀರಿನ ಪಾಲು ಕಡಿಮೆಯಾದರೆ ಮೊದಲ ಪೆಟ್ಟು ಬೀಳುವುದು ಕೊನೆಗೆ ನೀರು ಪಡೆಯುವವರಿಗೆ, ಆದ್ದರಿಂದ.’ ‘ಅವರು ಬಡವರಾಗಿದ್ದರು’ ಎಂದು ಬರೆದರೆ ತಪ್ಪು. ಬೆರಳಿಡಲು ಸಾಲಿಲ್ಲ.

ಊಹೆಗೆ ದಾರಿ ತೋರಿಸುವ ಸಣ್ಣ ಗುರುತುಗಳು ಪದಗಳ ಬಾಲದಲ್ಲಿರುತ್ತವೆ. ‘ಉಳಿದ ಗೇಟುಗಳಿಂದಲೂ’ ಎಂಬ ‘ಊ’ ನೋಡಿ. ಮುರಿದ ಗೇಟಿನಿಂದಲೂ ನೀರು ಹೋಗುತ್ತಿತ್ತು ಎಂಬುದು ಅದರಲ್ಲೇ ಬಂತು. ‘ರೈತರನ್ನಂತೂ’ ಎಂಬ ‘ಅಂತೂ’ ಬೇರೆಯವರಿಗೂ ಚಿಂತೆಯಿತ್ತು, ಇವರಿಗೆ ಹೆಚ್ಚು ಎನ್ನುತ್ತದೆ. ‘ಹರಿಯುವ ನೀರಿನಲ್ಲೇ’ ಎಂಬ ‘ಏ’ ಅದು ಸಾಮಾನ್ಯ ಕೆಲಸವಲ್ಲ ಎಂದು ಒತ್ತಿ ಹೇಳುತ್ತದೆ. ಮನೆಯ ಮಾತಿನಲ್ಲಿ ಇವನ್ನು ನಾವೆಲ್ಲ ತಪ್ಪಿಲ್ಲದೆ ಬಳಸುತ್ತೇವೆ; ಅಚ್ಚಿನಲ್ಲಿ ಕಂಡಾಗ ಮಾತ್ರ ಹಾರಿಸಿಬಿಡುತ್ತೇವೆ.

ಸಂಗತಿ, ಅಭಿಪ್ರಾಯ, ಕೇಳಿದ ಮಾತು

ಒಂದರಿಂದ ಎಂಟರವರೆಗಿನ ವಾಕ್ಯಗಳಲ್ಲಿ ಇರುವುದು ಮುಖ್ಯವಾಗಿ ಸಂಗತಿಗಳು; ದಾಖಲೆ ತೆಗೆದು ಪರಿಶೀಲಿಸಬಹುದು. ಒಂಬತ್ತನೆಯದು ಅಭಿಪ್ರಾಯ. ‘ಸಲ್ಲದು’, ‘ಬೇಕು’, ‘ಉತ್ತಮ’, ‘ದುರದೃಷ್ಟಕರ’ ಇಂಥ ಪದಗಳು ಅಭಿಪ್ರಾಯದ ಗುರುತು. ‘ಲೇಖಕರ ಧೋರಣೆ ಏನು?’ ಎಂಬ ಪ್ರಶ್ನೆಗೆ ಈ ವಾಕ್ಯದಿಂದಲೇ ಉತ್ತರ ಹೊರಡಬೇಕು. ಅಭಿಪ್ರಾಯ ಎಂದ ಮಾತ್ರಕ್ಕೆ ತಪ್ಪು ಎಂದಲ್ಲ, ಅದಕ್ಕೆ ಆಧಾರ ಕೊಟ್ಟಿದ್ದಾರೆಯೇ ಎಂದು ನೋಡಿ.

ಕನ್ನಡಕ್ಕೆ ಮೂರನೆಯದೊಂದು ಬಗೆಯೂ ಇದೆ. ‘ಗೇಟು ಮೊದಲೇ ಸವೆದಿತ್ತಂತೆ’ ಎಂದರೆ ಹೇಳುವವರು ತಾವು ಕಂಡಿಲ್ಲ, ಕೇಳಿದ್ದಾರೆ. ಪತ್ರಿಕೆಯ ಭಾಷೆಯಲ್ಲಿ ಇದೇ ‘ಎನ್ನಲಾಗಿದೆ’, ‘ಎಂದು ಮೂಲಗಳು ತಿಳಿಸಿವೆ’ ಎಂದಾಗುತ್ತದೆ. ಇಂಥ ವಾಕ್ಯವನ್ನು ಉತ್ತರದಲ್ಲಿ ಖಚಿತ ಸಂಗತಿಯಂತೆ ಬರೆಯಬಾರದು. ವಾಟ್ಸ್‌ಆಪ್‌ನಲ್ಲಿ ಬರುವ ಸಂದೇಶಗಳಲ್ಲಿ ಈ ‘ಅಂತೆ’ಯೇ ಮಾಯವಾಗಿರುತ್ತದೆ ಎಂಬುದನ್ನು ಹೈಸ್ಕೂಲು ಮಕ್ಕಳಿಗೆ ತಪ್ಪದೆ ತೋರಿಸಿಕೊಡಿ.

ಗೊತ್ತಿಲ್ಲದ ಪದ ಬಂದರೆ

ಪರೀಕ್ಷಾ ಕೊಠಡಿಯಲ್ಲಿ ನಿಘಂಟು ಸಿಗುವುದಿಲ್ಲ. ಮೊದಲು ಪದ ಬಿಡಿಸಿ ನೋಡಿ: ಜಲ, ಆಶಯ ಸೇರಿ ಜಲಾಶಯ. ಪದದ ಮುಂದೆ ‘ಅ’, ‘ನಿರ್’, ‘ದುರ್’ ಇದೆಯೇ ಗಮನಿಸಿ. ಇದ್ದರೆ ಅರ್ಥ ಅನೇಕ ಸಲ ಇಲ್ಲದಿರುವ ಅಥವಾ ಕೆಟ್ಟ ಕಡೆಗೆ ವಾಲುತ್ತದೆ. ಅದೂ ಆಗದಿದ್ದರೆ ಅಕ್ಕಪಕ್ಕದ ವಾಕ್ಯಗಳಿಂದ ‘ಸಂದರ್ಭಾರ್ಥ’ ಹುಡುಕಿ. ‘ತಾತ್ಕಾಲಿಕವಾಗಿ’ ಗೊತ್ತಿಲ್ಲ ಎಂದುಕೊಳ್ಳಿ. ಗೇಟಿನ ಜಾಗದಲ್ಲಿ ಗೇಟನ್ನೇ ಇಡದೆ ಹಲಗೆಗಳನ್ನು ಇಳಿಸಿದರು, ಅದೂ ಅವಸರದಲ್ಲಿ. ಹಾಗಾದರೆ ಅದು ಶಾಶ್ವತ ಪರಿಹಾರವಲ್ಲ, ಸದ್ಯದ ಮಟ್ಟಿಗೆ ಎಂದು ಹೊಳೆಯುತ್ತದೆ. ಹೊಳೆದ ಅರ್ಥವನ್ನು ಆ ಪದದ ಜಾಗದಲ್ಲಿಟ್ಟು ವಾಕ್ಯ ಓದಿ. ಸರಿಹೊಂದಿದರೆ ಮುಂದೆ ಹೋಗಿ.

ಪ್ರಶ್ನೆ ಕೇಳಿದ್ದೇನು, ಉತ್ತರ ಮುಗಿಯುವುದು ಹೇಗೆ

ಪ್ರಶ್ನಾಪದದ ಕೆಳಗೆ ಗೆರೆ ಎಳೆಯಿರಿ. ‘ಯಾವಾಗ’ ಎಂದರೆ ದಿನಾಂಕ ಸಾಕು. ‘ಏಕೆ’ ಎಂದರೆ ಉತ್ತರ ‘ಆದ್ದರಿಂದ’, ‘ಕಾರಣದಿಂದ’ ಅಥವಾ ‘ಸಲುವಾಗಿ’ ಎಂಬ ಕಡೆಗೆ ಹೋಗಬೇಕು. ‘ಹೇಗೆ’ ಎಂದರೆ ಕೆಲಸ ನಡೆದ ಕ್ರಮ ಬರೆಯಬೇಕು. ‘ಪಟ್ಟಿ ಮಾಡಿ’ ಎಂದಲ್ಲಿ ವಿವರಣೆ ಬೇಡ. ‘ವಿವರಿಸಿ’ ಎಂದಲ್ಲಿ ಪಟ್ಟಿ ಸಾಲದು. ‘ಸಮರ್ಥಿಸಿ’ ಎಂದರೆ ಒಂದು ನಿಲುವು, ಅದಕ್ಕೆ ಗದ್ಯದಿಂದ ಕನಿಷ್ಠ ಎರಡು ಆಧಾರ. ‘ನಿಮ್ಮ ಮಾತಿನಲ್ಲಿ ಬರೆಯಿರಿ’ ಎಂದಾಗ ಗದ್ಯದ ಸಾಲನ್ನು ಎತ್ತಿ ಇಟ್ಟರೆ ಅಂಕ ಕಡಿತವಾಗುವುದು ನ್ಯಾಯವೇ.

ಸಾರಾಂಶ ಕೇಳಿದರೆ ಮೂಲದ ಮೂರನೆಯ ಒಂದು ಭಾಗಕ್ಕೆ ಇಳಿಸುವುದು ರೂಢಿ. ಉದಾಹರಣೆ, ವರ್ಣನೆ, ಪುನರುಕ್ತಿ ಬಿಡಿ. ನಿಮ್ಮ ಅಭಿಪ್ರಾಯ ಸೇರಿಸಬೇಡಿ.

ಮನೆಯಲ್ಲಿ, ಊರಿನಲ್ಲಿ

ಬಳ್ಳಾರಿ, ರಾಯಚೂರು ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು ಅಥವಾ ಉರ್ದು. ತಾಂಡಾದ ಮಕ್ಕಳದು ಲಂಬಾಣಿ. ಅವರು ಗದ್ಯವನ್ನು ತಪ್ಪಿಲ್ಲದೆ ಗಟ್ಟಿಯಾಗಿ ಓದಿದರೂ ‘ಏನು ಹೇಳಿದೆ?’ ಎಂದಾಗ ಸುಮ್ಮನಾಗುತ್ತಾರೆ. ಅಂಥ ಮಗುವಿಗೆ ಮೊದಲು ಮನೆಮಾತಿನಲ್ಲೇ ಹೇಳಲು ಬಿಡಿ. ಅರ್ಥವಾಗಿದೆಯೋ ಇಲ್ಲವೋ ಆಗ ತಿಳಿಯುತ್ತದೆ. ಕನ್ನಡದಲ್ಲಿ ಬರೆಯಿಸುವುದು ಅದರ ಮುಂದಿನ ಕೆಲಸ. ಇವೆರಡನ್ನೂ ಬೆರೆಸಿ ಮಗುವನ್ನು ದಡ್ಡನೆಂದು ಕರೆಯುವುದು ದೊಡ್ಡ ಅನ್ಯಾಯ.

ಹೆತ್ತವರೊಂದಿಗೆ ಗುಳೆ ಹೋಗಿ ಬಂದ ಮಕ್ಕಳ ವಿಷಯದಲ್ಲಿ ಇನ್ನಷ್ಟು ತಾಳ್ಮೆ ಬೇಕು. ಅವರಿಗೆ ತಪ್ಪಿಹೋದ ಪಾಠಗಳ ನೋಟ್ಸ್ ನಕಲು ಮಾಡಿಸುವುದಕ್ಕಿಂತ ದಿನಕ್ಕೊಂದು ಐದಾರು ಸಾಲಿನ ಗದ್ಯ ಓದಿಸಿ, ಬಾಯಿಮಾತಿನಲ್ಲೇ ಎರಡು ಪ್ರಶ್ನೆ ಕೇಳುವುದು ಹೆಚ್ಚು ಫಲ ಕೊಡುತ್ತದೆ. ಬೆರಳಿಟ್ಟು ಓದುತ್ತಾರೆ, ತುಟಿ ಅಲ್ಲಾಡಿಸುತ್ತಾರೆ ಎಂದು ಗದರಬೇಡಿ. ಮೌನ ಓದು ಪಳಗಿದಂತೆ ಅದು ತಾನಾಗಿ ಬಿಟ್ಟುಹೋಗುತ್ತದೆ.

ಅಕ್ಷರ ಬಾರದ ತಾಯಿತಂದೆಯರೂ ಇದರಲ್ಲಿ ನೆರವಾಗಬಲ್ಲರು. ‘ಏನು ಓದಿದೆ? ಅದು ಯಾಕೆ ಹಾಗಾಯಿತು? ಅದನ್ನು ಎಲ್ಲಿ ಬರೆದಿದೆ, ತೋರಿಸು’ ಎಂದು ಕೇಳಿದರೆ ಸಾಕು. ಮೂರನೆಯ ಪ್ರಶ್ನೆಗೆ ಮಗು ಪುಟದ ಮೇಲೆ ಬೆರಳಿಡಲೇಬೇಕಾಗುತ್ತದೆ.

ಓದಲು ಪುಸ್ತಕ ಇಲ್ಲದಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಹೋಗಿ ದಿನಪತ್ರಿಕೆ ಹಿಡಿಯಿರಿ. ಮನೆಯಲ್ಲಿ ಹತ್ತಿ ಬೀಜದ ಪೊಟ್ಟಣದ ಹಿಂಬದಿಯೂ ಒಂದು ಗದ್ಯವೇ: ಮೊಳಕೆಯ ಪ್ರಮಾಣ ಎಷ್ಟು, ಯಾವ ದಿನಾಂಕದವರೆಗೆ ಬಿತ್ತಬಹುದು ಎಂದು ಹುಡುಕಿ ಅಪ್ಪನಿಗೆ ಓದಿ ಹೇಳಿ. ಹೀಗೆ ಬೇಕಾದ ಒಂದು ಮಾಹಿತಿಗಾಗಿ ಮಾತ್ರ ಕಣ್ಣಾಡಿಸುವುದೂ ಓದಿನ ಒಂದು ಕೌಶಲ. ಕೀಟನಾಶಕದ ಡಬ್ಬಿಯನ್ನು ಮುಟ್ಟದೆ, ಅದರ ಜೊತೆ ಬರುವ ಕರಪತ್ರ ಓದಿ. ಡಬ್ಬಿಯ ಮೇಲೆ ಅಚ್ಚಾದ ಬಣ್ಣದ ತ್ರಿಕೋನವೂ ಓದಬೇಕಾದದ್ದೇ: ಕೆಂಪು ಅತಿ ಹೆಚ್ಚು ವಿಷಕಾರಿ, ಅನಂತರ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಎಂದರೆ ವಿಷವೇ ಇಲ್ಲ ಎಂದಲ್ಲ.

ನೀವೇ ಮಾಡಿ ನೋಡಿ

ಮೇಲಿನ ಗದ್ಯಕ್ಕೇ ಈ ಪ್ರಶ್ನೆಗಳು. ಉತ್ತರದ ಪಕ್ಕದಲ್ಲಿ ಆಧಾರವಾದ ವಾಕ್ಯದ ಸಂಖ್ಯೆ ಬರೆಯಿರಿ.

1. ಉಳಿದ ಗೇಟುಗಳಿಂದ ನೀರು ಬಿಟ್ಟದ್ದೇಕೆ?
2. ನೀರನ್ನು ನದಿಗೆ ಬಿಟ್ಟಷ್ಟೂ ಎದುರಾಗುತ್ತಿದ್ದ ನಷ್ಟ ಯಾವುದು?
3. ಗೇಟು ಕೊಚ್ಚಿಹೋದಾಗ ಅಣೆಕಟ್ಟು ಪೂರ್ಣಗೊಂಡು ಎಷ್ಟು ವರ್ಷಗಳಾಗಿದ್ದವು?
4. ಗದ್ಯದಲ್ಲಿರುವ ಒಂದು ಅಭಿಪ್ರಾಯವನ್ನು ಗುರುತಿಸಿ.
5. ಸರಪಳಿ ತುಂಡಾಗಲು ಕಾರಣವೇನು?

ಮೊದಲನೆಯದಕ್ಕೆ ಆಧಾರ 5ನೇ ವಾಕ್ಯ. ಎರಡನೆಯದಕ್ಕೆ 6, ಅದರಲ್ಲೂ ‘ಆದರೆ’ಯ ನಂತರದ ಭಾಗ. ಮೂರನೆಯದಕ್ಕೆ 1 ಮತ್ತು 3 ಎರಡೂ ಬೇಕು. ಕಳೆದರೆ 71 ವರ್ಷ. ನಾಲ್ಕನೆಯದು 9. ಐದನೆಯದಕ್ಕೆ ಬೆರಳಿಡಲು ಜಾಗವಿಲ್ಲ. ಗೇಟು ಕೊಚ್ಚಿಹೋಗಲು ಸರಪಳಿ ತುಂಡಾದದ್ದು ಕಾರಣ ಎಂದು ಗದ್ಯ ಹೇಳುತ್ತದೆ, ಸರಪಳಿ ಏಕೆ ತುಂಡಾಯಿತು ಎಂದು ಹೇಳುವುದಿಲ್ಲ. 9ನೇ ವಾಕ್ಯ ಓದಿ ‘ಪರೀಕ್ಷಿಸದೆ ಬಿಟ್ಟಿದ್ದರಿಂದ’ ಎಂದು ಬರೆಯುವ ಆಸೆಯಾಗುತ್ತದೆ. ಆ ವಾಕ್ಯ ಹಾಗೆ ಹೇಳಿಲ್ಲ. ‘ಈ ಮಾಹಿತಿ ಗದ್ಯದಲ್ಲಿ ಇಲ್ಲ’ ಎಂಬುದೇ ಅದರ ಸರಿಯುತ್ತರ.